ಮರಕ್ಕೆ ಜಾಮೀನು

ನಮ್ಮ ಕಡೆ ಮನೆ ಕಟ್ಟಿಸೋದು ಮನುಷ್ಯರು ವಾಸ ಮಾಡೋಕೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಟ್ಟಿಸೋದು ಕಾಯಿಗೆ. ತೋಟದಿಂದ ಬಂದ ತೆಂಗಿನಕಾಯಿ ಒಂದು ಸಲ ಅಟ್ಟ ಹತ್ತಿತು ಅಂದರೆ ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿಯಾಗಿ, ಅಲ್ಲಾಡಿಸಿದರೆ ಗಡಗಡ ಅನ್ನೋ ತನಕ ಕೆಳಗೆ ಇಳಿಯೋದಿಲ್ಲ. ಹತ್ತಿರ ಹತ್ತಿರ ಒಂದು ವರ್ಷ ಅದಕ್ಕೆ ಅಲ್ಲಿ ರಾಜಮರ್ಯಾದೆ. ಅಟ್ಟದ ಕೆಳಗೆ ಉಳಿದ ಜಾಗದಲ್ಲಿ ನಾವು ತಲೆ ತಗ್ಗಿಸಿಕೊಂಡು ಸಂಸಾರ ಮಾಡುತ್ತೇವೆ. ಇಲಿಗಳು ಮೇಲೆ ಕಾಯಿ ಉರುಳಿಸುತ್ತವೆ, ಆಗೊಮ್ಮೆ ಈಗೊಮ್ಮೆ ಒಂದು ಚೇಳು ನಮ್ಮ ಯೋಗಕ್ಷೇಮ ವಿಚಾರಿಸೋಕೆ ಕೆಳಗೆ ಬರುತ್ತದೆ. ಅಭ್ಯಾಸ ಆಗಿಬಿಟ್ಟಿದೆ.

ಶೆಟ್ಟಿಕೆರೆಯಿಂದ ಒಂದು ಬೀಡಿ ಸೇದೋ ಹೊತ್ತು ನಡೆದರೆ ನಮ್ಮೂರು. ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಮದುವೆ ಆದಾಗ ನಮ್ಮ ಮನೇಲಿ ಅಟ್ಟ ಇಲ್ಲದ ಕೋಣೆ ಅಂತ ಇದ್ದದ್ದು ಒಂದೇ, ಹಿತ್ತಲಿಗೆ ಅಂಟಿಕೊಂಡದ್ದು. ಮನೇಲಿ ಹೊಸದಾಗಿ ಸಂಸಾರ ಶುರುಮಾಡಿದವರಿಗೆ ಆ ಕೋಣೆ ಬಿಟ್ಟುಕೊಡೋದು ವಾಡಿಕೆ. ಅಪ್ಪ ಅವ್ವನೂ ಒಂದು ಕಾಲದಲ್ಲಿ ಅಲ್ಲೇ ಇದ್ದವರು. ತಲೆ ಮೇಲೆ ಕಾಯಿ ಇಲ್ಲ ಅನ್ನೋದೇ ಅದರ ವೈಭೋಗ. ಆದರೆ ಅದೂ ಪೂರಾ ನಿಜ ಅಲ್ಲ. ಕೋಣೆಯ ಸೂರಿನ ಮೇಲೆ, ನಮ್ಮ ಹಾಸಿಗೆಗೆ ಸರಿಯಾಗಿ, ಹಿತ್ತಲ ತೆಂಗಿನಮರದ ತಲೆ ಇತ್ತು.

ನಮ್ಮ ತಾತ ನೆಟ್ಟ ಮರ. ಹುಟ್ಟಿದಾಗಿನಿಂದಲೇ ಮನೆ ಕಡೆ ವಾಲಿದ್ದು, ವಯಸ್ಸಾದ ಹಾಗೆಲ್ಲ ಇನ್ನಷ್ಟು ವಾಲಿ, ಒಳಗೆ ನಾವೇನು ಮಾತಾಡುತ್ತೇವೆ ಅಂತ ಕಿವಿ ಕೊಟ್ಟವರ ಹಾಗೆ ನಿಂತಿತ್ತು. ನಡು ಸಣಕಲು. ಮರಕುಟಿಗ ಕೊರೆದ ತೂತು ಎರಡು. ಗಾಳಿ ಬೀಸಿದರೆ ಬುಡದಲ್ಲಿ ಕಿರ್ ಅನ್ನೋದು. ವರ್ಷಕ್ಕೆ ಎಲ್ಲಾ ಸೇರಿ ಐದಾರು ಕಾಯಿ ಬಿಡುತ್ತಿತ್ತು, ಅವೂ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡವು. ಆದರೆ ಅಪ್ಪನ ಕಾನೂನಿನಲ್ಲಿ ಒಂದೇ ಒಂದು ಕಾಯಿ ಇದ್ದರೂ ಆ ಮರಕ್ಕೆ ಕೊಡಲಿ ತಾಗಿಸೋ ಹಾಗಿರಲಿಲ್ಲ. "ದುಡಿಯೋ ಮರ ಕಣ್ಲಾ ಅದು" ಅನ್ನೋರು. ನಾನು ತೋಟದಲ್ಲಿ ಬೆಳಗಿಂದ ಸಂಜೆ ತನಕ ಬೆವರು ಸುರಿಸಿದರೂ ಒಂದು ದಿನ ನನಗೆ ಆ ಮಾತು ಅಂದವರಲ್ಲ.

ನನ್ನ ಹೆಂಡತಿಗೆ ಏಳನೇ ತಿಂಗಳು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ್ದವಳು ಬಾಯಾರಿಕೆ ಅಂತ ಎದ್ದು ಅಡುಗೆಮನೆಗೆ ಹೋದಳು. ಅಷ್ಟರಲ್ಲಿ ಒಣಗಿದ ಗರಿಯೊಂದು ಬುಡದ ಮಟ್ಟೆ ಸಮೇತ ಕಳಚಿಕೊಂಡು ನಾಲ್ಕು ಹೆಂಚು ಒಡೆದು ಒಳಗೆ ಬಂತು. ಬಂದದ್ದು ನೆಟ್ಟಗೆ ಅವಳ ದಿಂಬಿನ ಮೇಲೆ. ಹತ್ತಿ ಕೋಣೆ ತುಂಬಾ ಹಾರಾಡುತ್ತಿತ್ತು. ನಾನು ಓಡಿಬಂದಾಗ ಅವಳು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ನೀರಿನ ಚೊಂಬು. ಕಿರುಚಲಿಲ್ಲ, ಅಳಲಿಲ್ಲ. ಚೊಂಬಿನ ನೀರು ಪೂರ್ತಿ ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡು, "ಈ ಮರ ಕಡೀಬೇಕು" ಅಂದಳು.

ಅಪ್ಪ ಸಂಜೆಯೊಳಗೆ ಹೆಂಚು ಹಾಕಿಸಿದರು. ಹಾಕಿಸಿ ಕೆಳಗೆ ನಿಂತು ನೋಡಿ, "ಹಳೇವು ಸೋರ್ತಿದ್ವು. ಹೊಸಾವು ಬಂದಂಗಾಯ್ತು" ಅಂತ ಮರಕ್ಕೇ ಪುಣ್ಯ ಕಟ್ಟಿದರು.

ಆ ವಾರವೇ ಅವಳನ್ನು ಹೆರಿಗೆಗೆ ಹುಳಿಯಾರಿನ ತವರಿಗೆ ಕಳಿಸಬೇಕಾಗಿತ್ತು. ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ, ಅಂಗಡಿಯಿಂದ ಏನೇನು ತರಬೇಕು ಅಂತ ಹೇಳೋ ದನಿಯಲ್ಲಿ ಅವಳು ಹೇಳಿದಳು: "ಮಗಾ ಆಗಿ ಐದು ತಿಂಗ್ಳಿಗೆ ಕಳಿಸ್ತಾರೆ. ಆ ಮರ ಇದ್ರೆ ನಾನು ಬರಲ್ಲ. ನನ್ನ ಮಗಾನೂ ಬರಲ್ಲ."

ನನಗೆ ಕೋಪ ಬಂತು. ನನ್ನ ಕೋಪದ ವಿಷಯ ಹೇಳಿಬಿಡುತ್ತೇನೆ. ಅದು ಬೇಗ ಬರುತ್ತದೆ, ಅದಕ್ಕಿಂತ ಬೇಗ ಹೋಗುತ್ತದೆ, ಆದರೆ ನಡುವೆ ಬಾಯಿಂದ ಒಂದೆರಡು ಮಾತು ಬಿದ್ದುಹೋಗಿರುತ್ತವೆ. "ಒಂದು ಮರಕ್ಕೆ ಹೆದ್ರಿ ಗಂಡನ್ನೇ ಬುಡ್ತೀಯೇನೇ?" ಅಂದೆ.

"ನಿಮ್ಮನ್ನ ಯಾರು ಬುಟ್ರು? ನೀವೂ ಬನ್ನಿ ಅಲ್ಲಿಗೆ" ಅಂದಳು.

ಅತ್ತೆ ಮನೇಲಿ ಹೋಗಿ ಕೂರೋ ಅಳಿಯನಿಗೆ ಊರಿನವರು ಯಾವ ಮರ್ಯಾದೆ ಕೊಡುತ್ತಾರೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸು ಬಂತು, ನಾನು ಬಾಯಿ ಮುಚ್ಚಿಕೊಂಡು ಟ್ರಂಕು ಮೇಲೆ ಹಾಕಿದೆ.

ಹೆಣ್ಣುಮಗು ಆಯಿತು. ನಾನು ವಾರಕ್ಕೊಂದು ಸಲ ಬಸ್ಸು ಹತ್ತಿ ಹುಳಿಯಾರಿಗೆ ಹೋಗಿ ಬರೋನು. ನಾನು ಒಳಗೆ ಕಾಲಿಡುತ್ತಾ "ಮಗು ಹೆಂಗೈತೆ?" ಅನ್ನೋನು, ಅವಳು "ಮರ ಹೆಂಗೈತೆ?" ಅನ್ನೋಳು. ಮಗು ದಿನ ದಿನಕ್ಕೆ ದುಂಡಗಾಗುತ್ತಿತ್ತು. ನನ್ನ ಬೆರಳು ಸಿಕ್ಕರೆ ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ವಾಪಸು ಬಸ್ಸು ಹಿಡಿಯೋಕೆ ಅದರ ಮುಷ್ಟಿಯಿಂದ ಬೆರಳು ಬಿಡಿಸಿಕೊಳ್ಳೋ ಅಷ್ಟರಲ್ಲಿ ಎಷ್ಟೋ ಸಲ ಬಸ್ಸೇ ಹೊರಟುಹೋಗಿರುತ್ತಿತ್ತು. ಅವಳಿಗೆ ಇದೆಲ್ಲ ಕಾಣುತ್ತಿರಲಿಲ್ಲ ಅಂತಲ್ಲ. ಕಂಡರೂ ಮುಂದಿನ ವಾರ ಮತ್ತೆ ಮರದ್ದೇ ಕೇಳೋಳು.

ಅಪ್ಪನ ಹತ್ತಿರ ಮಾತು ತೆಗೆದೆ. ಅವರು ಹಗ್ಗ ಹೊಸೆಯುತ್ತಾ ಕೇಳಿಸಿಕೊಂಡು, "ಇಷ್ಟು ವರ್ಷ ಬೀಳ್ದೇ ಇರೋದು ಈಗ ನಿನ್ನ ಮಗಳು ಬತ್ತಾಳೆ ಅಂತ ಬೀಳ್ತದಾ?" ಅಂದರು. ಮಗುವನ್ನು ನಡುಮನೆಯಲ್ಲಿ ಮಲಗಿಸಿದರಾಯಿತು ಅಂತಲೂ ಅಂದರು. ನಡುಮನೆಯ ಅಟ್ಟದಲ್ಲಿ ಆ ವರ್ಷದ ಕಾಯಿ ಪೂರ್ತಿ ಕೂತಿತ್ತು, ಅದರ ಜೊತೆಗೆ ಮೇಲೆ ಹೇಳಿದ ಚೇಳು. ಮರ ದುಡಿಯುತ್ತಿರೋ ತನಕ ಅಪ್ಪ ಕದಲೋದಿಲ್ಲ ಅನ್ನೋದು ನನಗೆ ಖಾತ್ರಿ ಆಯಿತು. ಹಾಗಾದರೆ ಮರ ದುಡಿಯೋದನ್ನ ನಿಲ್ಲಿಸಬೇಕು. ಈ ಯೋಚನೆ ಬಂದ ದಿನ ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾಗಿ ಎರಡು ಮುದ್ದೆ ಜಾಸ್ತಿ ಉಂಡೆ.

ನಮ್ಮ ತೋಟಕ್ಕೆ ಕಾಯಿ ಕೆಡವೋಕೆ ಬರುತ್ತಿದ್ದ ಒಬ್ಬ ಮುದುಕ ಇದ್ದ. ಕಾಲಿಗೆ ಹಗ್ಗದ ತಳೆ ಹಾಕಿಕೊಂಡು ಎಂಥಾ ಮರವನ್ನಾದರೂ ಹತ್ತೋನು, ನೆಲದ ಮೇಲೆ ನಡೆಯೋಕೆ ಮಾತ್ರ ಊರುಗೋಲು ಹಿಡಿಯೋನು. ಅವನನ್ನು ಶೆಟ್ಟಿಕೆರೆ ಹೋಟ್ಲಿಗೆ ಕರೆದುಕೊಂಡು ಹೋಗಿ ಎರಡು ದೋಸೆ ತಿನ್ನಿಸಿ ವಿಷಯ ಹೇಳಿದೆ. ಅಪ್ಪ ತಿಪಟೂರಿನ ಸಂತೆಗೆ ಹೋದ ದಿನ ಬಂದು ಹಿತ್ತಲ ಮರದ ಹರಳು ಅಂದರೆ ಮಿಡಿಗಾಯಿ, ಹೊಂಬಾಳೆ ಎಲ್ಲಾ ಕೊಯ್ದು ಹಾಕಬೇಕು. ಹೂವೇ ಇಲ್ಲ ಅಂದಮೇಲೆ ಕಾಯಿ ಎಲ್ಲಿಂದ ಬರುತ್ತದೆ.

ಮುದುಕ ನನ್ನ ಮುಖವನ್ನೇ ನೋಡಿದ. "ಮರದ ಹೊಟ್ಟೆ ಮ್ಯಾಲೆ ಹೊಡಿ ಅಂತೀಯ" ಅಂದ.

"ನನ್ನ ಹೊಟ್ಟೆ ಮ್ಯಾಲೆ ಅದು ಕೂತೈತಲ್ಲ" ಅಂದೆ.

"ನಲವತ್ತು ವರ್ಷ ಆಯ್ತು ಮರ ಹತ್ತೋಕೆ ಹಿಡ್ದು. ಒಂದು ಮರಕ್ಕೂ ಮೋಸ ಮಾಡ್ದೋನಲ್ಲ ನಾನು." ಖಾಲಿ ಎಲೆ ಮುಂದಕ್ಕೆ ತಳ್ಳಿ, "ಇನ್ನೊಂದು ದೋಸೆ ಹೇಳಪ್ಪ, ಯೋಚ್ನೆ ಮಾಡಾನ" ಅಂದ.

ಮೂರನೇ ದೋಸೆ ಮುಗಿಯೋ ಹೊತ್ತಿಗೆ ಅವನ ಯೋಚನೆಯೂ ಮುಗಿದಿತ್ತು. ಸಂತೆಯ ದಿನ ಬಂದು ಮರ ಹತ್ತಿ ಕೆಲಸ ಚೊಕ್ಕಟವಾಗಿ ಮಾಡಿಕೊಟ್ಟ. ಇಳಿದದ್ದು ಒಂದು ಗೋಣಿಚೀಲದ ತುಂಬ ಆಯಿತು. ಅವ್ವ ಬಾವಿಕಡೆ ಹೋಗಿದ್ದ ಸಮಯ ನೋಡಿ ಅದನ್ನು ಬಚ್ಚಲೊಲೆಯ ಪಕ್ಕದ ಗರಿಯ ರಾಶಿ ಕೆಳಗೆ ಅಡಗಿಸಿಟ್ಟೆ, ರಾತ್ರಿ ಎಲ್ಲಾದರೂ ಸಾಗಿಸೋಣ ಅಂತ. ರಾತ್ರಿ ನಿದ್ದೆ ಬಂದುಬಿಟ್ಟಿತು. ಬೆಳಗ್ಗೆ ಎದ್ದು ಹೋಗಿ ನೋಡಿದರೆ ಚೀಲ ಖಾಲಿ, ಮಡಿಸಿ ಗೂಟಕ್ಕೆ ನೇತುಹಾಕಿದೆ. ಅವ್ವ ಒಲೆ ಮುಂದೆ ಕೂತು ಊದುಕೊಳವೆಯಲ್ಲಿ ಊದುತ್ತಿದ್ದಳು. ಹಸಿ ಹೊಂಬಾಳೆ ಸುಟ್ಟ ಹೊಗೆ ಬಚ್ಚಲು ತುಂಬಿತ್ತು.

"ನೀರು ಕಾದೈತೆ, ಹುಯ್ಕೋ" ಅಂದಳು. ಅಷ್ಟೇ.

ಅವಳಿಗೆ ಗೊತ್ತಾಗಲಿಲ್ಲ ಅಂದುಕೊಂಡೆ. ಹೊಗೆಗೆ ಕಣ್ಣು ಕಂಡಿರಲಿಕ್ಕಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡು ತಿಂಗಳು ಬಿಟ್ಟು ಮುದುಕ ಇನ್ನೊಂದು ಸಲ ಬಂದು, ಹೊಸದಾಗಿ ಬಂದದ್ದನ್ನೂ ಕೊಯ್ದು ಹೋದ. ಈ ಸಲ ನಾಲ್ಕು ದೋಸೆ.

ಕೊನೆಗೆ ಒಂದು ಬೆಳಗ್ಗೆ ಅಪ್ಪ ಹಲ್ಲುಜ್ಜುತ್ತಾ ಹಿತ್ತಲಲ್ಲಿ ನಿಂತವರು ಕತ್ತೆತ್ತಿ ನೋಡಿದರು. ಸುತ್ತು ಹಾಕಿ ಆ ಕಡೆಯಿಂದ ನೋಡಿದರು. ಬಾಯಿ ಮುಕ್ಕಳಿಸಿ ಬಂದು, "ಮರ ನಿಂತೋಯ್ತು ಕಣ್ಲಾ" ಅಂದರು. ದನಿ ಸಣ್ಣಗಾಗಿತ್ತು. ನನಗೆ ಪಾಪ ಅನ್ನಿಸಿತು, ಆದರೆ ಬೆರಳು ಹಿಡಿಯೋ ಮಗು ನೆನಪಾಯಿತು.

"ಹಂಗಾರೆ?" ಅಂದೆ.

"ಹಂಗಾರೆ ಇನ್ನೇನು. ಸೋಮವಾರ ಹೆದ್ರಿಸಾನ."

ನಾನು ಅಲ್ಲೇ ಜಗಲಿ ಮೇಲೆ ಕುಸಿದು ಕೂತೆ. ಇದೊಂದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನಿಮಗೆ ಹೇಳಬೇಕು. ನಮ್ಮ ಮನೇಲಿ ಕಾಯಿ ಬಿಡದ ಮರವನ್ನು ಹೆದರಿಸೋ ಪದ್ಧತಿ ಒಂದಿತ್ತು. ಅಪ್ಪ ಕೊಡಲಿಗೆ ಅರಿಶಿನ ಕುಂಕುಮ ಹಚ್ಚಿಕೊಂಡು ಹೋಗಿ ಮರದ ಮುಂದೆ ನಿಲ್ಲೋರು. "ನೀರು ಸಾಲ್ದಾ ನಿಂಗೆ? ಬೂದಿ ಹಾಕ್ಲಿಲ್ವಾ, ಉಪ್ಪು ಹಾಕ್ಲಿಲ್ವಾ? ನಿನ್ನ ಇಟ್ಕೊಂಡು ನಾನೇನು ಪೂಜೆ ಮಾಡ್ಲಾ? ಇವತ್ತು ಕಡಿದೇ ಹಾಕ್ತೀನಿ" ಅಂತ ಬೈದು, ತೊಗಟೆಗೆ ತಾಗಿಯೂ ತಾಗದ ಹಾಗೆ ಮೂರು ಏಟು. ಮೂರನೇ ಏಟಿಗೆ ಅಡುಗೆಮನೆಯಿಂದ ಅವ್ವ ಓಡಿಬಂದು ಕೊಡಲಿಯ ಕಾವು ಹಿಡಿದುಕೊಳ್ಳೋಳು. "ಬುಡ್ರಿ ಬುಡ್ರಿ, ತಪ್ಪಾಯ್ತಂತೆ. ಮುಂದಿನ ವರ್ಷ ತುಂಬಾ ಬುಡ್ತೈತಂತೆ. ನಾನು ಜಾಮೀನು." ಅಪ್ಪ ಸ್ವಲ್ಪ ಬಿಗುಮಾನ ಮಾಡಿ, "ನಿನ್ನ ಮುಖ ನೋಡಿ ಬುಟ್ಟಿದೀನಿ" ಅಂತ ಕೊಡಲಿ ಇಳಿಸೋರು. ಆಮೇಲೆ ಬುಡಕ್ಕೆ ಒಂದು ಚೊಂಬು ಹಾಲು. ಹಲಸಿನ ಮರಕ್ಕೆ, ನಿಂಬೆ ಗಿಡಕ್ಕೆ, ಸೀಬೆಗೆ, ಎಲ್ಲಕ್ಕೂ ಅವ್ವ ಜಾಮೀನು ನಿಂತವಳೇ. ನಿಲ್ಲುತ್ತಾ ನಿಲ್ಲುತ್ತಾ ಒಳ್ಳೇ ವಕೀಲಳಾಗಿಬಿಟ್ಟಿದ್ದಳು. "ಹೋದ ವರ್ಷ ಬಿಸ್ಲು ಜಾಸ್ತಿ, ಅದೇನು ಮಾಡ್ತದೆ ಪಾಪ", "ಎಳೇದು, ಬುದ್ಧಿ ಇಲ್ಲ" ಅಂತ ಹೊಸ ಹೊಸ ವಾದ ಹೂಡೋಳು. ಪಕ್ಕದ ಮನೆ ಹೆಂಗಸರು ಗೋಡೆಗೆ ಗದ್ದ ಊರಿ ನೋಡೋಕೆ ನಿಲ್ಲೋರು. ಹಲಸು ಎರಡು ವರ್ಷಕ್ಕೆ ಬಿಟ್ಟಿತು. ತನ್ನ ಕೊಡಲಿಗೆ ಹೆದರಿ ಬಿಟ್ಟಿತು ಅಂತ ಅಪ್ಪ, ತನ್ನ ಮಾತು ಉಳಿಸೋಕೆ ಬಿಟ್ಟಿತು ಅಂತ ಅವ್ವ.

ಇದೆಲ್ಲ ಎಳೇ ಮರಗಳಿಗೆ ಅಂತ ನಾನು ತಿಳಿದಿದ್ದೆ. ಹಲ್ಲು ಬಿದ್ದ ಮುದಿ ಮರವನ್ನ ಯಾರು ಹೆದರಿಸುತ್ತಾರೆ? ಅಪ್ಪ ಹೆದರಿಸುತ್ತಾರೆ. ಈ ಪದ್ಧತಿಯ ಕುತ್ತಿಗೆಗೆ ಬರೋ ಭಾಗ ಏನೆಂದರೆ, ಜಾಮೀನು ಆದಮೇಲೆ ಮರಕ್ಕೆ ಪೂರ್ತಿ ಒಂದು ವರ್ಷ ವಾಯಿದೆ. ಅಷ್ಟರೊಳಗೆ ಕೊಡಲಿ ಎತ್ತಿದರೆ ಮನೆಗೆ ಕೇಡು. ಜಾಮೀನನ್ನೂ ಮನೆಯವರೇ ನಿಲ್ಲಬೇಕು, ಹೊರಗಿನವರ ಮಾತು ನಡೆಯೋದಿಲ್ಲ. ಮಗುವಿಗೆ ಆಗಲೇ ನಾಲ್ಕು ತಿಂಗಳು ತುಂಬಿತ್ತು. ಈ ಮುದಿ ಮರಕ್ಕೆ ಒಂದು ವರ್ಷದ ವಾಯಿದೆ ಸಿಕ್ಕಿತು ಅಂದರೆ ನನ್ನ ಮಗಳು ಹುಳಿಯಾರಿನಲ್ಲೇ ನಡೆಯೋದು ಕಲಿತು, ನನ್ನನ್ನು ನೆಂಟರವನು ಅಂದುಕೊಂಡು ನಮಸ್ಕಾರ ಮಾಡುತ್ತಾಳೆ.

ನಿಜ ಹೇಳಿಬಿಡೋಣ ಅಂದರೆ ಅದೂ ಆಗದು. ನಾನೇ ಹೂ ಕೊಯ್ಸಿದ್ದು ಅಂತ ಗೊತ್ತಾದರೆ, ಹಾಗಾದರೆ ಮರ ಇನ್ನೂ ದುಡಿಯುತ್ತೆ ಅಂತ ಅಪ್ಪ ಕುಣಿದಾಡುತ್ತಾರೆ. ಹೇಳಿದರೂ ಮರ ಉಳೀತು, ಹೇಳದಿದ್ದರೂ ಮರ ಉಳೀತು. ದೋಸೆ ತಿಂದವನು ಮುದುಕ, ಅಜೀರ್ಣ ಆದದ್ದು ನನಗೆ.

ಭಾನುವಾರ ಅವ್ವನ ಹತ್ತಿರ ಹೋಗಿ ಅಡುಗೆಮನೆಯಲ್ಲಿ ಸುಮ್ಮನೆ ಕೂತೆ. "ಅವ್ವ, ನಾಳೆ…" ಅಂದೆ.

"ನಾಳೆ ಏನು?"

"ನಾಳೆ ನೀನು ಜಾಮೀನು…"

"ಎದ್ದೋಗು ಅತ್ಲಾಗೆ, ಸಾರು ಉಕ್ತೈತೆ" ಅಂದಳು. ಸಾರು ಉಕ್ಕುತ್ತಿರಲಿಲ್ಲ. ನಾನು ಎದ್ದು ಬಂದೆ. ಬೇಡ ಅಂತ ಅವಳಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಜೀವಮಾನವೆಲ್ಲ ಗಿಡ ಮರಗಳ ಪರವಾಗಿ ಮಾತಾಡಿದವಳ ಮುಂದೆ ಕೂತು, ಈ ಸಲ ಮಾತಾಡಬೇಡ ಅಂತ ಹೇಗೆ ಹೇಳೋದು.

ಸೋಮವಾರ ಬಿಸಿಲು ಏರೋ ಮುಂಚೆ ಅಪ್ಪ ಮಿಂದು, ಹಣೆಗೆ ವಿಭೂತಿ ಇಟ್ಟು, ಕೊಡಲಿ ಹಿಡಿದು ಬಂದರು. ಗೋಡೆಯ ಆಚೆ ಎರಡು ಗದ್ದ ಆಗಲೇ ಊರಿದ್ದವು. ನಾನು ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ನಿಂತಿದ್ದೆ. ಅಪ್ಪ ಆವತ್ತು ಬಹಳ ಚೆನ್ನಾಗಿ ಬೈದರು. ತಾತ ನೆಟ್ಟದ್ದರಿಂದ ಶುರುಮಾಡಿ, ಒಡೆದ ಹೆಂಚನ್ನೂ ಬಿಡದೆ ಎಲ್ಲಾ ಎತ್ತಿ ಆಡಿದರು. ಒಂದು ಏಟು. ಎರಡು ಏಟು. ಮೂರು. ಮೂರನೆಯದನ್ನ ಹಾಕಿ ಕೊಡಲಿ ಮೇಲೆತ್ತಿ ಹಿಡಿದುಕೊಂಡರು, ಅವ್ವ ಬಂದು ಕಾವು ಹಿಡಿಯಲಿ ಅಂತ.

ಅವ್ವ ಬಂದಿದ್ದಳು. ಅಡುಗೆಮನೆ ಬಾಗಿಲಿಂದ ಈಚೆಗೆ ಬಂದು, ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದಳು. ಬಾಯಿ ಬಿಡಲಿಲ್ಲ.

ಅಪ್ಪ ಓರೆಗಣ್ಣಲ್ಲಿ ನೋಡಿದರು. ಮಾತು ಮರೆತಿರಬೇಕು ಅಂದುಕೊಂಡು, "ಕಡಿದೇ ಹಾಕ್ತೀನಿ" ಅಂತ ಇನ್ನೊಂದು ಸಲ ಜೋರಾಗಿ ಅಂದರು. ಅವ್ವ ಕಟ್ಟಿದ ಕೈ ಬಿಚ್ಚಲಿಲ್ಲ. "ಹೇಳೇ" ಅಂತ ಅಪ್ಪ ಪಿಸುಗುಟ್ಟಿದ್ದು ಗೋಡೆಯ ಆಚೆಗೂ ಕೇಳಿಸಿತು.

"ಕಡೀರಿ" ಅಂದಳು ಅವ್ವ.

ಅಪ್ಪ ಕೊಡಲಿ ಇಳಿಸಿದರು. "ಏನಂದೆ?"

"ಕಡೀರಿ ಅಂದೆ."

"ನೀನು ಬೇಡ್ಕೊಳ್ದೇ ಹೋದ್ರೆ ನಿಜ್ವಾಗ್ಲೂ ಕಡೀಬೇಕಾಯ್ತದೆ ಕಣೇ" ಅಂದರು ಅಪ್ಪ. ದನಿಯಲ್ಲಿ ಬಿಗುಮಾನ ಇರಲಿಲ್ಲ, ದಿಗಿಲಿತ್ತು.

"ಅದ್ನೇ ನಾನು ಹೇಳ್ತಿರೋದು."

ಅಪ್ಪ ನನ್ನ ಕಡೆ ತಿರುಗಿದರು. "ನೀನಾದ್ರೂ ಒಂದು ಮಾತು ಹೇಳ್ಲಾ. ನೀನೂ ಮನೆಯವನೇ. ಬುಡಿ ಅನ್ನು, ಸಾಕು." ಅಷ್ಟು ದೊಡ್ಡ ಮನುಷ್ಯ ಕೊಡಲಿ ಹಿಡಿದುಕೊಂಡು ನನ್ನನ್ನು ಬೇಡುತ್ತಿದ್ದರು. ಆದರೂ ನಾನು ಒಗೆಯೋ ಕಲ್ಲನ್ನು ನೋಡುತ್ತಾ ನಿಂತೆ. ಬೇಕಾದರೆ ನನ್ನನ್ನ ಸ್ವಾರ್ಥಿ ಅನ್ನಿ, ಹೌದು.

ಆಗ ಅವ್ವ ಮಾತಾಡಿದಳು. ವಾದ ಹೂಡೋ ದನಿಯಲ್ಲ, ನೀರು ಕಾದೈತೆ ಅಂತ ಹೇಳೋ ದನಿಯಲ್ಲೇ.

"ಈ ಮರಕ್ಕೆ ನಾನು ಮೊದ್ಲೇ ಒಂದ್ಸಲ ಜಾಮೀನು ನಿಂತಿದ್ದೆ. ಮರ್ತಿದೀರಿ ನೀವು. ಆಗ ಕೊಡ್ಲಿ ಹಿಡ್ದಿದ್ದು ನಿಮ್ಮಪ್ಪ. ಇವ್ನು ಐದು ತಿಂಗ್ಳ ಕೂಸು, ನನ್ನ ಕಂಕುಳಲ್ಲಿದ್ದ. ಆವಾಗ್ಲೂ ಹಿಂಗೇ ವಾಲಿತ್ತು ಇದು. ಗಾಳಿ ಬಂದ ದಿವ್ಸ ನಾನು ಆ ಕೋಣೇಲಿ ಇವ್ನ ಮ್ಯಾಲೆ ಬಗ್ಗಿಕೊಂಡೇ ಬೆಳ್ಗು ಮಾಡ್ತಿದ್ದೆ. ಬೀಳೋದಾದ್ರೆ ನನ್ನ ಬೆನ್ನ ಮ್ಯಾಲೆ ಬೀಳ್ಲಿ ಅಂತ. ನೀವು ಪಕ್ದಲ್ಲಿ ಗೊರಕೆ ಹೊಡೀತಿದ್ರಿ. ನಿಮ್ಮಪ್ಪ ಕೊಡ್ಲಿ ಎತ್ತಿದಾಗ ನಿಮ್ಮವ್ವ ನನ್ನ ಬೆನ್ನು ತಿವಿದ್ರು, ಹೋಗು ಬೇಡ್ಕೋ ಅಂತ. ಬುಡಿ ಮಾವ, ತಪ್ಪಾಯ್ತಂತೆ ಅಂದೆ. ಬಾಯಲ್ಲಿ ಬುಡಿ ಅಂತಿದ್ದೆ, ಒಳ್ಗೆ ಕಡೀಲಿ ಕಡೀಲಿ ಅಂತಿದ್ದೆ."

ಗೋಡೆಯ ಮೇಲಿದ್ದ ಗದ್ದಗಳು ಯಾವಾಗಲೋ ಕೆಳಗೆ ಇಳಿದಿದ್ದವು.

"ಮರ ಇದ್ರೆ ಬರಲ್ಲ ಅನ್ನೋಕೆ ನಂಗೆ ಬಾಯಿ ಇರ್ಲಿಲ್ಲ. ಆ ಹುಡುಗಿಗೆ ಐತೆ. ಇರ್ಲಿ" ಅಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ರೊಟ್ಟಿ ತಟ್ಟೋ ಸದ್ದು ಬಂತು.

ಅಪ್ಪ ಬಹಳ ಹೊತ್ತು ಒಗೆಯೋ ಕಲ್ಲಿನ ಮೇಲೆ ಕೂತಿದ್ದರು. ನಾನು ಪಕ್ಕದಲ್ಲೇ ಇದ್ದರೂ ನನ್ನ ಕಡೆ ನೋಡಲಿಲ್ಲ. ನನಗೂ ನಾಚಿಕೆ ಆಗುತ್ತಿತ್ತು. ಆರು ತಿಂಗಳು ನಾನು ಓಡಾಡಿದ್ದು, ದೋಸೆ ತಿನ್ನಿಸಿದ್ದು, ಕಳ್ಳನ ಹಾಗೆ ಚೀಲ ಅಡಗಿಸಿದ್ದು ಎಲ್ಲಾ ನನ್ನ ಹೆಂಡತಿ ಹಟಮಾರಿ ಅಂತ ಗೊಣಗಿಕೊಂಡೇ. ದಿಂಬಿನ ಮೇಲೆ ಮಟ್ಟೆ ಬಿದ್ದದ್ದನ್ನ ಕಣ್ಣಾರೆ ಕಂಡಿದ್ದರೂ, ಅವಳಿಗೆ ಹೆದರಿಕೆ ಆಗಿದೆ ಅನ್ನೋದು ನನ್ನ ತಲೆಗೆ ಹೊಕ್ಕದ್ದು ಅವ್ವ ಬಾಯಿಬಿಟ್ಟ ಮೇಲೆ. ಬಿಸಿಲು ಕಲ್ಲಿನ ಮೇಲೆ ಬಂದಾಗ ಅಪ್ಪ ಎದ್ದು ಪಂಚೆ ಕೊಡವಿಕೊಂಡು, "ಆ ಮುದುಕನ್ನ ಕರ್ಕೊಂಡ್ ಬಾ" ಅಂದರು.

ಮನೆ ಮೇಲೆ ವಾಲಿದ ಮರವನ್ನ ಬುಡಕ್ಕೆ ಹೊಡೆದು ಕೆಡವೋ ಹಾಗಿಲ್ಲ. ಮೊದಲು ತಲೆ ಇಳಿಸಬೇಕು, ಆಮೇಲೆ ಮೇಲಿನಿಂದ ತುಂಡು ತುಂಡಾಗಿ ಹಗ್ಗ ಕಟ್ಟಿ ಬಿಡಬೇಕು. ಮುದುಕ ಹತ್ತಿದ. ಗರಿಗಳು ಒಂದೊಂದಾಗಿ ಬಂದವು, ಕೊನೆಗೆ ಸುಳಿ ಸಮೇತ ತಲೆ ಹಗ್ಗದಲ್ಲಿ ತೂಗಾಡುತ್ತಾ ಇಳಿಯಿತು. ನಾನು ಹಗ್ಗ ಹಿಡಿದಿದ್ದೆ. ಅಪ್ಪ ಹತ್ತಿರ ಬಂದು ಕೂತು ಅದರ ಮೇಲೆ ಕೈಯಾಡಿಸಿದರು. ಆಡಿಸುತ್ತಿದ್ದ ಕೈ ಒಂದು ಕಡೆ ನಿಂತಿತು. ಹೊಂಬಾಳೆ ಕೊಯ್ದ ಮೋಟುಗಳು ಸಾಲಾಗಿ ಇದ್ದವು.

"ಇದೇನ್ಲಾ?" ಅಂದರು, ಮುದುಕ ಇಳಿದು ಬಂದ ಮೇಲೆ.

ಮುದುಕ ಊರುಗೋಲು ಹುಡುಕುತ್ತಾ, "ಹಕ್ಕಿ ಇರ್ಬೇಕು ಗೌಡ್ರೇ" ಅಂದ.

"ಹಕ್ಕಿ ಮಚ್ಚು ಇಟ್ಕೊಂಡಿತ್ತಾ?"

ಮುದುಕ ನನ್ನ ಕಡೆ ನೋಡಿದ, ನಾನು ಆಕಾಶದ ಕಡೆ ನೋಡಿದೆ. ಅವ್ವ ಗರಿ ಒಟ್ಟು ಮಾಡುತ್ತಿದ್ದವಳು ತಲೆ ಎತ್ತದೆ, "ಹಸೀದಾದ್ರೂ ಹೊಂಬಾಳೆ ಚೆನ್ನಾಗೇ ಉರೀತದೆ ಕಣ್ರೀ. ಎರಡು ಸಲ ನೀರು ಕಾಯಿಸ್ದೆ" ಅಂದಳು.

ಅಪ್ಪ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಬೈಗುಳ ಬರುತ್ತದೆ ಅಂತ ನಾನು ಭುಜ ಗಟ್ಟಿ ಮಾಡಿಕೊಂಡೆ. ಬರಲಿಲ್ಲ. ಮಚ್ಚು ತೆಗೆದುಕೊಂಡು ಸುಳಿಯ ಒಳಗಿನ ಬೆಳ್ಳನೆ ತಿರುಳು ಬಿಡಿಸೋಕೆ ಶುರುಮಾಡಿದರು. ತೆಂಗಿನಮರ ಕಡಿದ ದಿನ ಆ ತಿರುಳನ್ನು ಓಣಿಗೆಲ್ಲ ಹಂಚಬೇಕು. ಎಲೆಗೆ ಹಾಕಿ ಹಾಕಿ ಕೊಟ್ಟರು, ನಾನು ಮನೆ ಮನೆಗೆ ಕೊಟ್ಟು ಬಂದೆ. ಮೊದಲನೇ ತುಂಡನ್ನು ಮಾತ್ರ ಅಪ್ಪ ತಾವೇ ತೆಗೆದುಕೊಂಡು ಹೋಗಿ ಅಡುಗೆಮನೆ ಹೊಸ್ತಿಲ ಮೇಲೆ ಅವ್ವನಿಗೆ ಇಟ್ಟು ಬಂದರಂತೆ. ನಾನು ನೋಡಲಿಲ್ಲ, ಮುದುಕ ಹೇಳಿದ್ದು.

ಮಾರನೇ ದಿನ ಮೊದಲನೇ ಬಸ್ಸಿಗೇ ಹುಳಿಯಾರಿಗೆ ಹೋದೆ. "ಮರ ಹೆಂಗೈತೆ?" ಅಂದಳು ಹೆಂಡತಿ. ಕಡಿದಾಯಿತು ಅಂದೆ. ಗೆದ್ದೆ ಅಂತ ನಗುತ್ತಾಳೆ ಅಂದುಕೊಂಡಿದ್ದೆ, ನಗೋಕೆ ಶುರುವೂ ಮಾಡಿದಳು. ಆಮೇಲೆ ಸೋಮವಾರದ್ದು ಪೂರ್ತಿ ಹೇಳಿದೆ, ಅವ್ವ ಹೇಳಿದ್ದನ್ನ ಒಂದು ಮಾತೂ ಬಿಡದೆ. ಅವಳ ನಗು ನಿಂತಿತು. ಮಗುವನ್ನು ನನ್ನ ತೊಡೆ ಮೇಲೆ ಹಾಕಿ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಾಗಿತ್ತು, ಟ್ರಂಕು ತುಂಬಿಯಾಗಿತ್ತು. ಐದು ತಿಂಗಳು ತುಂಬೋಕೆ ಇನ್ನೂ ಹತ್ತು ದಿನ ಇದೆ ಅಂತ ಅವರಮ್ಮ ಅಡ್ಡ ಬಂದರು. "ಇದ್ರೆ ಇರ್ಲಿ ಬುಡು" ಅಂದಳು.

ಊರು ಸೇರಿದಾಗ ಊಟದ ಹೊತ್ತು. ಅವ್ವ ಆರತಿ ಎತ್ತಿ, ಮಗುವಿಗೆ ದೃಷ್ಟಿ ತೆಗೆದು ಒಳಗೆ ಕರೆದುಕೊಂಡಳು. ಊಟ ಆಯಿತು. ಹೆಂಡತಿ ಹಿತ್ತಲ ಕೋಣೆಗೆ ಹೋಗಿ ಚಾಪೆ ಹಾಸಿ ಮಗುವನ್ನು ಮಲಗಿಸಿ ಬಂದು, ಪಾತ್ರೆ ತೊಳೆಯೋಕೆ ಹೊರಟಿದ್ದ ಅವ್ವನ ಕೈಯಿಂದ ಪಾತ್ರೆ ಕಿತ್ತುಕೊಂಡಳು.

"ನೀವು ಹೋಗಿ ಮಗಾನ ಪಕ್ಕ ಮಲಿಕ್ಕೊಳಿ ಅತ್ತೆ" ಅಂದಳು.

"ಹಗಲೊತ್ನಲ್ಲಿ ಯಾವೋಳು ಮಲಗ್ತಾಳೆ? ಹುಚ್ಚಾ ನಿಂಗೆ?"

"ಮಲಿಕ್ಕೊಳಿ ಅಂದ್ನಲ್ಲ."

ನನ್ನ ಹೆಂಡತಿಯ ಆ ದನಿಯ ಮುಂದೆ ಮರವೇ ನಿಲ್ಲಲಿಲ್ಲ, ಅವ್ವ ಯಾವ ಲೆಕ್ಕ. ಗೊಣಗುತ್ತಾ ಹೋದಳು. ಸ್ವಲ್ಪ ಹೊತ್ತಿಗೆ ಗೊಣಗೋದು ನಿಂತಿತು. ಅಪ್ಪ ತೋಟದಿಂದ ಬಂದವರು ಮೊಮ್ಮಗಳನ್ನು ನೋಡೋಕೆ ಅಂತ ಕೋಣೆ ಬಾಗಿಲಿಗೆ ಹೋಗಿ, ಒಳಗೆ ಕಾಲಿಡದೆ ಅಲ್ಲೇ ನಿಂತುಬಿಟ್ಟರು. ನಾನೂ ಹಿಂದಿನಿಂದ ಹೋಗಿ ಇಣುಕಿದೆ. ಅವ್ವ ಅಂಗಾತ ಮಲಗಿದ್ದಳು, ಕೈ ಎರಡೂ ಎರಡು ಕಡೆ ಚಾಚಿ, ಬಾಯಿ ಸ್ವಲ್ಪ ತೆರೆದು. ಅವಳು ಹಾಗೆ ಮಲಗಿದ್ದನ್ನ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮಗು ಅವಳ ಕಿರುಬೆರಳು ಹಿಡಿದುಕೊಂಡು ಸೂರು ನೋಡುತ್ತಾ ಆಡುತ್ತಿತ್ತು.

"ಅವತ್ತೇ ಒಂದು ಮಾತು ಹೇಳಬೋದಾಗಿತ್ತು ನಂಗೆ" ಅಂದರು ಅಪ್ಪ, ಯಾರಿಗೂ ಅಲ್ಲದ ಹಾಗೆ.

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ನಮ್ಮ ಹಿಂದೆ ಬಂದು ನಿಂತಿದ್ದಳು. "ಮರದ ಪರ ಮಾತು ಹೇಳು ಅಂತ ಕರೆದ್ರಿ ಮಾವ, ಹೇಳಿದ್ರು. ಅವ್ರ ಸ್ವಂತದ ಮಾತು ಹೇಳು ಅಂತ ಯಾವತ್ತು ಕರೆದ್ರಿ?" ಅಂದಳು.

ಸೊಸೆ ಮಾವನಿಗೆ ಎದುರು ಮಾತಾಡಿದ್ದಕ್ಕೆ ಈಗ ಮನೆ ಹಾರಿಹೋಗುತ್ತದೆ ಅಂದುಕೊಂಡೆ. ಅಪ್ಪ ಹೊಸ್ತಿಲಿನ ಈಚೆಗೆ ಗೋಡೆಗೆ ಒರಗಿ ಕೂತರು. ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತು, ಹಾಲು ಕರೆಯೋ ಹೊತ್ತು. ಅವ್ವನನ್ನು ಎಬ್ಬಿಸೋಣ ಅಂತ ನಾನು ಬಾಯಿ ತೆರೆದೆ. ಅಪ್ಪ ಕೈ ಅಡ್ಡ ಹಿಡಿದು, ಮೆಲ್ಲಗೆ ಎದ್ದು, ಚೊಂಬು ತೆಗೆದುಕೊಂಡು, ತಾವೇ ಕೊಟ್ಟಿಗೆಗೆ ಹೋದರು.